ಮೊಟ್ಟೆ ಇಲ್ಲ, ಬೆಣ್ಣೆ ಇಲ್ಲ, ಓವನ್ ಇಲ್ಲ: ಮನೆ ಕೇಕಿನ ಇತಿಹಾಸ

ಈಗ ಹಳ್ಳಿಯಲ್ಲೂ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ಬೇಕೇ ಬೇಕು. ಹೋಬಳಿಯ ಬೇಕರಿಗೆ ಹಿಂದಿನ ದಿನವೇ ಹೇಳಿ, ಹೆಸರು ಬರೆಸಿ, ಬೈಕಿನ ಮೇಲೆ ಡಬ್ಬ ಅಲುಗಾಡದಂತೆ ಹಿಡಿದು ತರಬೇಕು. ಕೂಲಿ ಮಾಡುವ ಮನೆಯವರಿಗೆ ಒಂದು ದಿನದ ದುಡಿಮೆಯ ಬಹುಪಾಲು ಅಲ್ಲೇ ಹೋಗುತ್ತದೆ. ಮನೆಯಲ್ಲೇ ಮಾಡಬಹುದಲ್ಲ ಎಂದರೆ ಎಲ್ಲ ಕಡೆ ಒಂದೇ ಉತ್ತರ: "ನಮ್ಮತ್ರ ಓವನ್ ಎಲ್ಲಿದೆ? ಮೊಟ್ಟೆ ನಾವು ತಿನ್ನಲ್ಲ. ಅಷ್ಟು ಬೆಣ್ಣೆ ಎಲ್ಲಿಂದ ತರೋದು?"

ಈ ಮೂರು 'ಇಲ್ಲ'ಗಳು ನಮ್ಮೂರಿನವು ಮಾತ್ರ ಅಲ್ಲ. ಕೇಕಿನ ಇತಿಹಾಸ ತೆಗೆದು ನೋಡಿದರೆ, ಇವತ್ತು ನಾವು ಸುಲಭವಾಗಿ ಮಾಡಬಹುದಾದ ಕೇಕ್ ಹುಟ್ಟಿದ್ದೇ ಇಂಥ 'ಇಲ್ಲ'ಗಳಿಂದ.

ಒಂದು ಗಂಟೆ ಕಲಸಬೇಕಿದ್ದ ಕೇಕ್

ಇಂಗ್ಲೆಂಡಿನ ಹ್ಯಾನಾ ಗ್ಲಾಸ್ ಎಂಬ ಮಹಿಳೆ 1747ರಲ್ಲಿ ಒಂದು ಅಡುಗೆ ಪುಸ್ತಕ ಹೊರತಂದರು. ಅದರಲ್ಲಿ 'ಪೌಂಡ್ ಕೇಕ್' ಮಾಡುವ ವಿಧಾನವಿದೆ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಬೆಣ್ಣೆ ಒಂದು ಪೌಂಡ್, ಸಕ್ಕರೆ ಒಂದು ಪೌಂಡ್, ಹಿಟ್ಟು ಒಂದು ಪೌಂಡ್, ಜೊತೆಗೆ 12 ಮೊಟ್ಟೆ. ಅಳತೆ ನೆನಪಿಡಲು ಸುಲಭ, ಹೆಸರು ಬಂದದ್ದೂ ಅದರಿಂದಲೇ. ಆದರೆ ಎಲ್ಲವನ್ನೂ ಸೇರಿಸಿ ಕೈಯಿಂದಲೋ ಮರದ ಸೌಟಿನಿಂದಲೋ ಒಂದು ಗಂಟೆ ಹೊತ್ತು ಬಡಿಯಬೇಕಿತ್ತು.

ಯಾಕೆಂದರೆ ಆಗ ಬೇಕಿಂಗ್ ಪೌಡರ್ ಇರಲಿಲ್ಲ. ಕೇಕ್ ಉಬ್ಬಬೇಕಾದರೆ ಅದರೊಳಗೆ ಗಾಳಿ ಸೇರಬೇಕು. ಬೆಣ್ಣೆಯನ್ನೂ ಮೊಟ್ಟೆಯನ್ನೂ ಬಡಿದು ಬಡಿದು ಆ ಗಾಳಿಯನ್ನು ತುಂಬಬೇಕಿತ್ತು. ಇಲ್ಲವೇ ಬ್ರೆಡ್ಡಿನ ಹಾಗೆ ಯೀಸ್ಟ್ ಹಾಕಿ ಹುದುಗು ಬರಿಸಬೇಕಿತ್ತು. ಹಾಗಾಗಿ ಅಂಥ ಕೇಕ್ ಆಳುಕಾಳು ಇದ್ದವರ ಮನೆಯ ತಿಂಡಿ. ಅಲ್ಲಿನ ಬಡವರ ಮನೆಗಳಲ್ಲೂ ಓವನ್ ಇರುತ್ತಿರಲಿಲ್ಲ. ಊರಿನ ಬೇಕರಿಯವನ ಒಲೆಗೆ ಕೊಟ್ಟು ಬೇಯಿಸಿ ತರುತ್ತಿದ್ದರು. ಕೆಲವರು ದಪ್ಪ ಕಬ್ಬಿಣದ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ದಮ್ ಬಿರಿಯಾನಿ ಮಾಡುವವರಿಗೆ ಈ ಉಪಾಯ ಹೊಸದೇನಲ್ಲ.

ಹೆಂಡತಿಗೆ ಆಗಿಬರದ ಮೊಟ್ಟೆ

ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬವರು ಔಷಧಿ ಅಂಗಡಿ ಇಟ್ಟಿದ್ದರು. ಅವರ ಹೆಂಡತಿ ಎಲಿಜಬೆತ್‌ಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಹೆಂಡತಿಗಾಗಿ ಬರ್ಡ್ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದರು. 1843ರಲ್ಲಿ ಯೀಸ್ಟ್ ಇಲ್ಲದೆ ಹಿಟ್ಟು ಉಬ್ಬಿಸುವ ಬೇಕಿಂಗ್ ಪೌಡರ್ ತಯಾರಿಸಿದರು. ಈಗ ಕಿರಾಣಿ ಅಂಗಡಿಯಲ್ಲಿ ಸಿಗುವ ಆ ಪುಟ್ಟ ಡಬ್ಬದ ಹಿಂದೆ ಒಂದು ಮನೆಯ ಊಟದ ತೊಂದರೆ ಇದೆ.

ಅದು ಕೆಲಸ ಮಾಡುವ ರೀತಿ ಸರಳ. ಅಡುಗೆ ಸೋಡಾಕ್ಕೆ ಹುಳಿ ತಾಗಿದರೆ ಇಂಗಾಲದ ಡೈಆಕ್ಸೈಡ್ ಅನಿಲ ಬರುತ್ತದೆ. ಆ ಗುಳ್ಳೆಗಳು ಹಿಟ್ಟನ್ನು ಎತ್ತುತ್ತವೆ, ಶಾಖಕ್ಕೆ ಹಿಟ್ಟು ಗಟ್ಟಿಯಾಗಿ ಹಾಗೇ ನಿಲ್ಲುತ್ತದೆ. ಬೇಕಿಂಗ್ ಪೌಡರ್ ಅಂದರೆ ಸೋಡಾ ಮತ್ತು ಒಣ ಹುಳಿಪುಡಿಯನ್ನು ಒಟ್ಟಿಗೆ ಬೆರೆಸಿದ್ದು. ಆರಂಭದಲ್ಲಿ ಆ ಹುಳಿಪುಡಿ ದ್ರಾಕ್ಷಿ ಮದ್ಯದ ಪೀಪಾಯಿಗಳಲ್ಲಿ ಕಟ್ಟುವ ಗಸಿಯಿಂದ ಬರುತ್ತಿತ್ತು. ಅಮೆರಿಕಕ್ಕೆ ಅದನ್ನು ಯುರೋಪಿನಿಂದ ತರಿಸಬೇಕಿತ್ತು, ದುಬಾರಿ. ಅಲ್ಲಿನ ರಸಾಯನಶಾಸ್ತ್ರಜ್ಞ ಎಬೆನ್ ಹೋರ್ಸ್‌ಫರ್ಡ್ 1856ರಲ್ಲಿ ಫಾಸ್ಫೇಟ್ ಲವಣದಿಂದ ಬದಲಿ ಹುಳಿಪುಡಿ ಮಾಡಿ ಪೇಟೆಂಟ್ ಪಡೆದರು. ಒಂದು ಗಂಟೆ ಬಡಿಯುವ ಕೆಲಸ ಒಂದು ಚಮಚ ಪುಡಿಗೆ ಇಳಿಯಿತು.

ನಮ್ಮ ಅಡುಗೆಮನೆಗೂ ಇದು ಅಪರಿಚಿತವಲ್ಲ. ಇಡ್ಲಿ ಹಿಟ್ಟು ರಾತ್ರಿಯೆಲ್ಲ ಹುದುಗಿ ಉಬ್ಬುವುದೂ ಅನಿಲದಿಂದಲೇ. ಹುಳಿ ಮೊಸರಿಗೆ ಚಿಟಿಕೆ ಸೋಡಾ ಹಾಕಿ ದಿಢೀರ್ ರವೆ ಇಡ್ಲಿ ಮಾಡುವವರು ಬರ್ಡ್ ಮಾಡಿದ್ದನ್ನೇ ಮಾಡುತ್ತಿದ್ದಾರೆ.

ವಾರಕ್ಕೆ ಒಂದು ಮೊಟ್ಟೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ 1940ರ ಜನವರಿಯಿಂದ ರೇಷನ್ ಶುರುವಾಯಿತು. ಬೆಣ್ಣೆ, ಸಕ್ಕರೆ ಎರಡೂ ಕಾರ್ಡಿನ ಲೆಕ್ಕಕ್ಕೆ ಬಂದವು. ಮೊಟ್ಟೆ ಸಾಮಾನ್ಯವಾಗಿ ಒಬ್ಬರಿಗೆ ವಾರಕ್ಕೆ ಒಂದು, ಅದೂ ಸಿಕ್ಕರೆ. ಹಾಗೆಂದು ಹೆಂಗಸರು ಕೇಕ್ ಮಾಡುವುದನ್ನು ಬಿಡಲಿಲ್ಲ. ಮೊಟ್ಟೆಯ ಬದಲು ಮೊಟ್ಟೆ ಪುಡಿ, ಇಲ್ಲವೇ ಸೋಡಾ ಮತ್ತು ವಿನೆಗರ್. ಸಿಹಿಗೆ ಕ್ಯಾರೆಟ್ ತುರಿ. ಮದುವೆಗಳಲ್ಲಿ ರಟ್ಟಿನಿಂದ ಮಾಡಿದ ದೊಡ್ಡ ಕೇಕಿನ ಆಕಾರವನ್ನು ಮೇಜಿನ ಮೇಲಿಟ್ಟು, ಅದರೊಳಗೆ ನಿಜವಾದ ಚಿಕ್ಕ ಕೇಕ್ ಇಡುತ್ತಿದ್ದರು. ರೇಷನ್ ಪೂರ್ತಿ ಮುಗಿದದ್ದು 1954ರ ಜುಲೈನಲ್ಲಿ. ಅಷ್ಟು ವರ್ಷ ಒಂದು ದೇಶದ ಮಕ್ಕಳ ಹುಟ್ಟುಹಬ್ಬಗಳು ಇಂಥ ಕೇಕಿನಲ್ಲೇ ನಡೆದವು.

ತಲಶ್ಶೇರಿಯಿಂದ ಕುಕ್ಕರಿನವರೆಗೆ

ನಮ್ಮ ಕಡೆಯ ಕಥೆಯೂ ಹೀಗೇ ಇದೆ. ಕೊಡಗಿನ ಘಟ್ಟ ಇಳಿದರೆ ಸಿಗುವ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಬಿಸ್ಕತ್ತಿನ ಬೇಕರಿ ನಡೆಸುತ್ತಿದ್ದರು. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಸಾಹೇಬರು ಕ್ರಿಸ್ಮಸ್ ಕೇಕಿನ ಒಂದು ಮಾದರಿ ತೋರಿಸಿ, ಅಂಥದ್ದೇ ಮಾಡಿಕೊಡಲು ಕೇಳಿದರು. ವಿಲಾಯತಿ ಬ್ರಾಂಡಿಯ ಬದಲು ಬಾಪು ಊರಿನ ಹಣ್ಣುಗಳಿಂದ ಇಳಿಸಿದ ಸಾರಾಯಿ ಬಳಸಿದರು ಎಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಭಾರತದವರು ಮಾಡಿದ ಮೊದಲ ಕ್ರಿಸ್ಮಸ್ ಕೇಕ್ ಇದೇ ಎನ್ನುವುದು ಅವರ ಹೆಮ್ಮೆ.

ಬೇಕರಿಗೇನೋ ಸೌದೆಯ ದೊಡ್ಡ ಒಲೆ ಇತ್ತು. ಮನೆಯ ದಾರಿ ತೆರೆದದ್ದು ಪ್ರೆಶರ್ ಕುಕ್ಕರ್. 1959ರ ಹೊತ್ತಿಗೆ ಭಾರತದ ಕಂಪನಿಗಳು ಅದನ್ನು ಮಾಡತೊಡಗಿದವು. ಅನ್ನ, ಬೇಳೆಗೆಂದು ತಂದ ಕುಕ್ಕರಿನ ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು, ತಳಕ್ಕೆ ಉಪ್ಪೋ ಮರಳೋ ಹರಡಿದರೆ ಅದೇ ಓವನ್. ಅಕ್ಕನಿಂದ ತಂಗಿಗೆ, ಪಕ್ಕದ ಮನೆಯಿಂದ ಪಕ್ಕದ ಮನೆಗೆ ದಾಟಿ ಬಂದ ವಿದ್ಯೆ ಇದು.

ಮೈದಾ ಇಲ್ಲದಿದ್ದರೂ ಕೊರತೆಯಲ್ಲ. ಈಜಿಪ್ಟಿನ ಬಸ್ಬೂಸಾ, ಟರ್ಕಿಯ ರೇವಾನಿ ಎರಡೂ ರವೆಯಿಂದ ಮಾಡುವ ಹೆಸರುವಾಸಿ ಕೇಕುಗಳೇ.

ಮೂರು ನಾಲ್ಕು ಜನರ ಮನೆಗೆ

ಒಂದು ಲೋಟ ಸಣ್ಣ ರವೆ, ಮುಕ್ಕಾಲು ಲೋಟ ಸಕ್ಕರೆ, ಅರ್ಧ ಲೋಟ ಮೊಸರು, ಅರ್ಧ ಲೋಟ ಹಾಲು, ಕಾಲು ಲೋಟ ವಾಸನೆಯಿಲ್ಲದ ಎಣ್ಣೆ. ಕಲಸಿ 20 ನಿಮಿಷ ನೆನೆಯಲು ಬಿಡಿ. ಗಟ್ಟಿಯಾಗಿದ್ದರೆ ಎರಡು ಚಮಚ ಹಾಲು ಸೇರಿಸಿ, ಇಡ್ಲಿ ಹಿಟ್ಟಿನ ಹದ ಇರಲಿ. ಕೊನೆಗೆ ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಸೋಡಾ, ಏಲಕ್ಕಿ ಪುಡಿ ಹಾಕಿ ತಿರುಗಿಸಿ, ತಡಮಾಡದೆ ಎಣ್ಣೆ ಸವರಿದ ಡಬ್ಬಕ್ಕೆ ಸುರಿಯಿರಿ. ಡಬ್ಬ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದರೆ ಸಾಕು, ಉಬ್ಬಲು ಜಾಗ ಬೇಕು.

ದಪ್ಪ ತಳದ ಹಳೆಯ ಪಾತ್ರೆಗೆ ಉಪ್ಪು ಹರಡಿ, ಮುಚ್ಚಿ 10 ನಿಮಿಷ ಕಾಯಿಸಿ. ಒಳಗೆ ಒಂದು ಸ್ಟ್ಯಾಂಡ್, ಅದರ ಮೇಲೆ ಡಬ್ಬ ಇಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಕುಕ್ಕರನ್ನೇ ಬಳಸುವುದಾದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದಿರಬೇಕು. ನೀರಿಲ್ಲದೆ ಕಾಯಿಸಿದರೆ ಕುಕ್ಕರ್ ಹಾಳಾಗಬಹುದು, ಆದ್ದರಿಂದ ಹಳೆಯದನ್ನು ಇದಕ್ಕೇ ಮೀಸಲಿಡಿ. ಬಿಸಿ ಇರುವಾಗ ನೀರು ಸುರಿಯಬೇಡಿ.

ಇದೇ ಅಳತೆಗೆ ಒಂದು ಕಳಿತ ಬಾಳೆಹಣ್ಣು ಕಿವುಚಿ ಹಾಕಿ, ಸಕ್ಕರೆ ಸ್ವಲ್ಪ ಕಡಿಮೆ ಮಾಡಿ. ಇಲ್ಲವೇ ಸಕ್ಕರೆಗೆ ಬದಲಾಗಿ ಬೆಲ್ಲದ ಪುಡಿ, ಮೇಲೆ ಕಾಯಿತುರಿ. ಪ್ರತಿ ಸಲ ಬೇರೆ ರುಚಿ.

ಕ್ರೀಮಿನ ಗುಲಾಬಿ ಹೂವು ಇದರ ಮೇಲೆ ಇರುವುದಿಲ್ಲ. ಆದರೆ ಇದು ಬೇಕರಿ ಕೇಕಿನ ಬಡ ನಕಲು ಎಂದು ಯಾರೂ ಸಂಕೋಚಪಡಬೇಕಿಲ್ಲ. ಹೆಂಡತಿಗೆ ಮೊಟ್ಟೆ ಆಗದೆ ಬರ್ಡ್, ಬ್ರಾಂಡಿ ಇಲ್ಲದೆ ಬಾಪು, ಬೆಣ್ಣೆ ಇಲ್ಲದೆ ಯುದ್ಧಕಾಲದ ತಾಯಂದಿರು ಮಾಡಿದ ಕೆಲಸವೇ ಇದೂ. ಮುಂದಿನ ಹುಟ್ಟುಹಬ್ಬಕ್ಕೆ ಬೇಕರಿಗೆ ಫೋನ್ ಮಾಡುವ ಮೊದಲು, ಮನೆಯಲ್ಲಿ ರವೆ ಎಷ್ಟಿದೆ ಎಂದು ಒಮ್ಮೆ ನೋಡಿ.