ತೆರೆಯ ಮೇಲೆ ಕನ್ನಡ ಕೆಟ್ಟಾಗ: ಮೂರು ಲಕ್ಷಣಗಳು, ಅವುಗಳ ಪರಿಹಾರ

ಭಿವಂಡಿ, ಕಲ್ಯಾಣ, ಡೊಂಬಿವಲಿ, ಥಾಣೆ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಮನೆಗಳ ಗಣಕಯಂತ್ರಗಳಲ್ಲಿ ಎರಡು ದಶಕಗಳ ಹಿಂದಿನ ಕನ್ನಡ ಕಡತಗಳು ಇಂದಿಗೂ ಉಳಿದಿರುವುದುಂಟು. ಸ್ಮರಣ ಸಂಚಿಕೆಯ ಲೇಖನ, ಮದುವೆಯ ಕರೆಯೋಲೆ, ಊರಿನ ಆಸ್ತಿಯ ಪಾಲುಪತ್ರದ ಕರಡು, ಹಿರಿಯರು ಹೇಳಿ ಬರೆಯಿಸಿದ ವಂಶಾವಳಿ ಇತ್ಯಾದಿ. ಹೊಸ ಮೊಬೈಲಿನಲ್ಲಿ ಇವನ್ನು ತೆರೆದಾಗ ಕನ್ನಡವೇ ಕಾಣದಿದ್ದರೆ, ಕಡತ ಕೆಟ್ಟಿತೆಂದು ಅಳಿಸಿಬಿಡುವವರಿದ್ದಾರೆ. ಅಳಿಸುವ ಮುನ್ನ ಲಕ್ಷಣವನ್ನು ಗುರುತಿಸುವುದು ಅಗತ್ಯ.

1. ಅರ್ಥವಿಲ್ಲದ ರೋಮನ್ ಅಕ್ಷರಗಳು

ಚುಕ್ಕೆ, ಗೀಟುಗಳನ್ನು ಹೊತ್ತ ರೋಮನ್ ಅಕ್ಷರಗಳು ಕಂಡರೆ ಅದು ಹಳೆಯ ಅಕ್ಷರಶೈಲಿಯ ಬರಹ. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' (1998), ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳು ಕನ್ನಡಿಗರಿಗೆ ಬೆರಳಚ್ಚಿನ ಹಾದಿಯನ್ನು ಸುಗಮಗೊಳಿಸಿದವು. ಆಗಿನ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಲಾಗುತ್ತಿತ್ತು. ಆ ಶೈಲಿ ಇಲ್ಲದ ಯಂತ್ರದಲ್ಲಿ ಒಳಗಿನ ರೋಮನ್ ಅಕ್ಷರಗಳೇ ಹೊರಗೆ ಕಾಣುತ್ತವೆ. ಬರಹಕ್ಕೆ ಯಾವ ಹಾನಿಯೂ ಆಗಿರುವುದಿಲ್ಲ.

ಮೊದಲು ಮೂಲ ಕಡತದ ಪ್ರತಿಯೊಂದನ್ನು ತೆಗೆದಿರಿಸಬೇಕು. ಗಣಕಯಂತ್ರದಲ್ಲಿ ಕಡತವನ್ನು ತೆರೆದು ಅಕ್ಷರಶೈಲಿಯ ಹೆಸರನ್ನು ನೋಡಬೇಕು. 'ಬಿಆರ್‌ಎಚ್' ಎಂದಿದ್ದರೆ ಬರಹ, 'ನುಡಿ' ಎಂದಿದ್ದರೆ ನುಡಿ. ಆಯಾ ತಂತ್ರಾಂಶದ ಪರಿವರ್ತಕದಿಂದ ಬರಹವನ್ನು ಯೂನಿಕೋಡ್‌ಗೆ ಬದಲಿಸಿದರೆ ಮೊಬೈಲಿನಲ್ಲೂ ಓದಬಹುದು, ಪದಗಳನ್ನು ಹುಡುಕಲೂಬಹುದು. ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕವು ಕನ್ನಡವೆಂದು ಭಾವಿಸಿ ಕೆಡಿಸಬಹುದು. ಆದುದರಿಂದ ಹೆಸರು, ದಿನಾಂಕ, ಮೊತ್ತಗಳನ್ನು ಮೂಲದೊಡನೆ ತಾಳೆ ನೋಡಬೇಕು. ಆಸ್ತಿಪತ್ರ, ಖಾತೆಸಂಖ್ಯೆಗಳಿರುವ ಕಡತಗಳನ್ನು ಅಪರಿಚಿತ ಜಾಲತಾಣದ ಪರಿವರ್ತಕಗಳಿಗೆ ಒಪ್ಪಿಸಬಾರದೆಂಬುದು ಬ್ಯಾಂಕಿನವರಾದ ನಮ್ಮ ಸಲಹೆ.

2. ಖಾಲಿ ಚೌಕಗಳು

1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿದೆ. ಅಕ್ಷರವನ್ನು ಯಂತ್ರ ಬಲ್ಲದು, ಆದರೆ ತೋರಿಸಲು ಅಕ್ಷರಶೈಲಿ ಇಲ್ಲ ಎಂಬುದೇ ಚೌಕದ ಅರ್ಥ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಶೈಲಿ ಬಂದಿತು. 2012ರ ವಿಂಡೋಸ್ 8ರಿಂದ 'ನಿರ್ಮಲಾ ಯುಐ' ಇದೆ. ಬರಹವನ್ನೆಲ್ಲ ಆಯ್ದು ಇವುಗಳಲ್ಲೊಂದನ್ನು ಹಚ್ಚಿದರೆ ಸಾಮಾನ್ಯವಾಗಿ ಕನ್ನಡ ಮರಳುತ್ತದೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದರೆ ಅದು ಆ ತಂತ್ರಾಂಶದ ಕೊರತೆ. ಬೇರೊಂದರಲ್ಲಿ ತೆರೆದು ನೋಡಬೇಕು.

3. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು

ಮೂರರಲ್ಲಿ ಇದೇ ಗಂಭೀರ. ಕನ್ನಡವನ್ನು ಅರಿಯದ ಹಳೆಯ 'ಆನ್ಸಿ' ಸಂಕೇತದಲ್ಲಿ ಕಡತವನ್ನು ಉಳಿಸಿದಾಗ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯೇ ದಾಖಲಾಗಿಬಿಡುತ್ತದೆ. ಆ ಪ್ರತಿಯಿಂದ ಬರಹವನ್ನು ಮರಳಿ ಪಡೆಯಲಾಗದು. ಕಳುಹಿಸಿದವರಿಂದ ಮೂಲವನ್ನೇ ತರಿಸಬೇಕು. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ 'ಯುಟಿಎಫ್-8' ಆಯ್ಕೆಯನ್ನು ಬಳಸುವುದೇ ಮುನ್ನೆಚ್ಚರಿಕೆ.

ಇನ್ನೆರಡು ಸೂಚನೆಗಳು

ಮರಾಠಿ, ಹಿಂದಿ ಕೆಲಸವೇ ಹೆಚ್ಚಾಗಿರುವ ಇಲ್ಲಿನ ಮುದ್ರಣಾಲಯಗಳಿಗೆ ಆಮಂತ್ರಣಪತ್ರವನ್ನು ಕೊಡುವಾಗ, ಅಕ್ಷರಶೈಲಿಯನ್ನು ಒಳಗೂಡಿಸಿದ ಪಿಡಿಎಫ್ ಕೊಡುವುದು ಲೇಸು. ಅಚ್ಚಿಗೆ ಮುನ್ನ ಕಾಗದದ ಮೇಲೆ ಕರಡು ನೋಡಲು ಮರೆಯಬಾರದು.

ಕನ್ನಡ ಎಸ್‌ಎಂಎಸ್ ಒಂದರಲ್ಲಿ 70 ಸಂಕೇತಗಳು ಮಾತ್ರ ಹಿಡಿಯುತ್ತವೆ, ಇಂಗ್ಲಿಷಿನಲ್ಲಿ 160. ಕಾಗುಣಿತದ ಚಿಹ್ನೆ, ಒತ್ತುಗಳೂ ಲೆಕ್ಕಕ್ಕೆ ಬರುವುದರಿಂದ 'ಕನ್ನಡ' ಎಂಬ ಪದಕ್ಕೇ ಐದು ಸಂಕೇತಗಳು ಬೇಕು. ಉದ್ದದ ಸಂದೇಶ ತುಂಡಾಗಿ ಎರಡು ಮೂರರ ಶುಲ್ಕ ಬೀಳುವುದು ಇದರಿಂದಲೇ.

ಹಳೆಯ ಸಿ.ಡಿ.ಗಳೂ ಅವನ್ನು ಓದುವ ಯಂತ್ರಗಳೂ ಮನೆಗಳಿಂದ ಮರೆಯಾಗುತ್ತಿವೆ. ಹಿರಿಯರ ಬರಹಗಳಿದ್ದಲ್ಲಿ, ಅವುಗಳಲ್ಲಿನ ಹೆಸರುಗಳನ್ನು ಗುರುತಿಸಬಲ್ಲವರು ಜೊತೆಯಲ್ಲಿರುವಾಗಲೇ ಪರಿವರ್ತಿಸಿ, ಎರಡು ಕಡೆ ಪ್ರತಿ ಇರಿಸುವುದು ಒಳಿತು.