ಗೊರಸಿನ ಪಾದುಕೆ

ಕುದುರೆಯ ವಿಷಯದಲ್ಲಿ ಸಂಸ್ಕೃತವು ಬಡವಾದ ಭಾಷೆಯಲ್ಲ. ಗೊರಸಿಗೆ ಖುರ, ಶಫ ಎಂಬ ಹೆಸರುಗಳೂ, ಕಡಿವಾಣಕ್ಕೆ ಕವಿಕಾ, ಖಲೀನ ಎಂಬವೂ, ಚಾವಟಿಗೆ ಕಶಾ ಎಂಬುದೂ ಅಮರಕೋಶದಲ್ಲಿ ಸಿದ್ಧವಾಗಿವೆ. ಆದರೆ ಗೊರಸಿನ ಅಡಿಗೆ ಮೊಳೆಯಿಂದ ಜಡಿಯುವ ಕಬ್ಬಿಣದ ಬಿಲ್ಲಿಗೆ ಆ ಕೋಶದಲ್ಲಿ ಹೆಸರೇ ಇಲ್ಲ. ಕನ್ನಡಿಗರು ಅದನ್ನು ಲಾಳವೆಂದೂ ನಾಲವೆಂದೂ ಕರೆಯುವರು. ನಾಲವೆಂಬುದು ಅರಬೀ ಶಬ್ದವಾಗಿದ್ದು ಅದಕ್ಕೆ ಪಾದರಕ್ಷೆಯೆಂದೇ ಮೂಲಾರ್ಥವು. ಅದರ ಮುಂದೆ ಪಾರಸಿಯ 'ಬಂದ' ಸೇರಿ ನಾಲಬಂದ, ಎಂದರೆ ನಾಲ ಕಟ್ಟುವವನು ಎಂದಾಯಿತು. ಹೆಸರು ಬಂದ ದಾರಿಯಿಂದಲೇ ವಸ್ತುವೂ ಬಂದಿತೆಂದು ಊಹಿಸಿದರೆ ತಪ್ಪಾಗಲಾರದು.

ಪಶ್ಚಿಮದಲ್ಲಿಯೂ ಇದು ಅತಿ ಪ್ರಾಚೀನವಾದುದಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಶ್ವಾರೋಹಣದ ಮೇಲೆ ಗ್ರಂಥ ಬರೆದ ಗ್ರೀಕರ ಝೆನೊಫನ್ನನು ಗೊರಸನ್ನು ಗಟ್ಟಿಗೊಳಿಸಲು ಕುದುರೆಯನ್ನು ಉರುಟು ಕಲ್ಲು ಹರವಿದ ನೆಲದ ಮೇಲೆ ನಿಲ್ಲಿಸಬೇಕೆನ್ನುವನು, ಲಾಳದ ಮಾತನ್ನೆತ್ತುವುದಿಲ್ಲ. ರೋಮನರು ಕಬ್ಬಿಣದ ಚಮ್ಮಾಳಿಗೆಯನ್ನು ಗೊರಸಿಗೆ ಬಿಗಿದು ಕಟ್ಟುತ್ತಿದ್ದರು. ಮೊಳೆ ಹೊಡೆಯುವ ಚಂದ್ರಾಕಾರದ ಕಬ್ಬಿಣದ ಸ್ಪಷ್ಟವಾದ ಉಲ್ಲೇಖವು ದೊರೆಯುವುದು ಕ್ರಿ. ಶ. 900ರ ಸುಮಾರಿಗೆ, ಬೈಜಾಂಟಿಯಮ್ಮಿನ ಸಾಮ್ರಾಟ 6ನೆಯ ಲಿಯೋನ ಯುದ್ಧಶಾಸ್ತ್ರದಲ್ಲಿ. ಮುಂದೆ ಅದರ ಆಕೃತಿಯು ಮೆಲ್ಲಮೆಲ್ಲನೆ ತಿದ್ದುಗೊಂಡಿತು. ಗೊರಸಿನ ಹೊರಗೋಡೆಗೆ ನಮ್ಮ ಉಗುರಿನಂತೆ ನೋವಿಲ್ಲ; ಮೊಳೆಯು ಅಲ್ಲಿಯೇ ಹೋಗಬೇಕು. ಹೆಜ್ಜೆಯೂರಿದಾಗ ಹಿಮ್ಮಡಿಯು ತುಸು ಅಗಲವಾಗುವುದರಿಂದ ಲಾಳವು ಹಿಂದೆ ತೆರೆದಿರಬೇಕು, ಹಿಮ್ಮಡಿಯ ಹತ್ತಿರ ಮೊಳೆ ಬೀಳಬಾರದು. ಈ ಹಿಗ್ಗುವಿಕೆಯನ್ನು 19ನೆಯ ಶತಮಾನದ ಆರಂಭದಲ್ಲಿ ಇಂಗ್ಲಂಡದ ಪಶುವೈದ್ಯ ಬ್ರೇಸಿ ಕ್ಲಾರ್ಕನು ವಿವರಿಸಿದನು. 1835ರಲ್ಲಿ ಅಮೇರಿಕದ ಹೆನ್ರಿ ಬರ್ಡನ್ನನು ಲಾಳ ಮಾಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಸುಧಾರಿಸಿದ ಯಂತ್ರವು ನಿಮಿಷಕ್ಕೆ 60 ಲಾಳಗಳನ್ನು ಉದುರಿಸುತ್ತಿತ್ತಂತೆ!

ದಕ್ಷಿಣಕ್ಕೆ ಕುದುರೆಗಳು ಹಡಗಿನಲ್ಲಿ ಬಂದವು, ಅವುಗಳ ಪಾದವನ್ನು ಬಲ್ಲವರು ಅಷ್ಟು ಸುಲಭವಾಗಿ ಬರಲಿಲ್ಲ. 13ನೆಯ ಶತಮಾನದ ಕೊನೆಯಲ್ಲಿ ಚೋಳಮಂಡಲದ ಕರಾವಳಿಯನ್ನು ಕಂಡ ಮಾರ್ಕೋ ಪೋಲೋನು, ಅಲ್ಲಿ ನಾಲಬಂದರಿಲ್ಲದೆ ಕುದುರೆಗಳು ಸಾಯುತ್ತವೆಂದೂ, ವ್ಯಾಪಾರ ಕುಂದೀತೆಂದು ವರ್ತಕರೇ ಅಂಥವರನ್ನು ಬರಗೊಡುವುದಿಲ್ಲವೆಂದೂ ಬರೆದಿದ್ದಾನೆ. ವಣಿಕರ ಬುದ್ಧಿಯು ಎಲ್ಲ ಕಾಲದಲ್ಲಿಯೂ ಒಂದೇ! ವಿಜಯನಗರದ ಅರಸರು ವರ್ಷಕ್ಕೆ 13,000 ಹೊರ್ಮುಜಿನ ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಪೋರ್ತುಗೀಜ ನೂನಿಜನ ಲೆಕ್ಕ. 1565ರ ಜನೇವರಿಯಲ್ಲಿ ನಡೆದ ಮಹಾಯುದ್ಧಕ್ಕೆ ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿಗಳ ಹೆಸರೇ ಅಂಟಿಕೊಂಡಿದೆ. ಆದಿಲಶಾಹಿಯ ಕುದುರೆಗಳು ಹೋದವು. ದಖ್ಖಣದ ಮೊಹರಮ್ಮಿನಲ್ಲಿ ಲಾಳದ ಆಕಾರದ 'ನಾಲ ಸಾಹೇಬ' ಮಾತ್ರ ಇನ್ನೂ ಹೊರಡುತ್ತದೆ.

ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನಾಲದ ನಿಜವಾದ ಬಾಳು ಎತ್ತಿನ ಕಾಲಿನದು. ಎರೆಹೊಲದಲ್ಲಿ ರಂಟೆ ಹೊಡೆಯುವ ಎತ್ತಿಗೆ ನಾಲ ಬೇಕಿಲ್ಲ. ಮೆತ್ತನ್ನ ಮಣ್ಣು ಗೊರಸನ್ನು ಸವೆಸುವುದಿಲ್ಲ. ಗರಸಿನ, ಜಲ್ಲಿಯ ಹಾದಿಯಲ್ಲಿ ಹೇರು ಎಳೆಯುವ ಎತ್ತಿನ ಮಾತೇ ಬೇರೆ. 1884ರ ಸುಮಾರಿಗೆ ಹೊಟಗಿ–ಗದಗ ರೈಲುದಾರಿಯಾದ ಮೇಲೆ ಇಂಡಿಯ ಹೆಸರಿನದೂ ಬಾಗೇವಾಡಿಯ ಹೆಸರಿನದೂ ನಿಲ್ದಾಣಗಳಾದವು. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲು ಮುಟ್ಟಲಿಲ್ಲ. ಅಲ್ಲಿಯ ಹತ್ತಿ, ಜೋಳಗಳು ನಿಲ್ದಾಣವನ್ನು ಸೇರಬೇಕಾದರೆ ಚಕ್ಕಡಿಯೇ ಗತಿಯಾಗಿತ್ತು.

ಎತ್ತಿನ ನಾಲವು ಕುದುರೆಯ ಲಾಳದ ಮರಿಯಲ್ಲ. ಎತ್ತಿನ ಗೊರಸು ಎರಡಾಗಿ ಸೀಳಿದೆ, ನಡೆಯುವಾಗ ಎರಡು ಹೋಳುಗಳೂ ಬೇರೆಬೇರೆಯಾಗಿ ಅಲುಗಾಡುತ್ತವೆ. ಆದುದರಿಂದ ಬಿಲ್ಲು ಅಲ್ಲಿ ಸಲ್ಲದು. ಒಂದೊಂದು ಹೋಳಿಗೆ ಒಂದೊಂದು ತೆಳುವಾದ ತಗಡು ಬೇಕು. ಗೊರಸಿನ ಗೋಡೆಯೂ ಕುದುರೆಯದಕ್ಕಿಂತ ತೆಳುವಾದುದರಿಂದ ಮೊಳೆಯು ಸಣ್ಣದಿರಬೇಕು, ಹೊರಮಗ್ಗುಲಿಗೇ ಬೀಳಬೇಕು. ಒಂದು ನೂಲು ಒಳಗೆ ಸರಿದರೆ ಜೀವಕ್ಕೆ ತಾಗಿ ಎತ್ತು ಕುಂಟುವುದು. ಉಳುಮೆಯ ಕಾಲದಲ್ಲಿ ಎತ್ತು ಕುಂಟಿದರೆ ಒಕ್ಕಲಿಗನ ವರ್ಷವೇ ಕುಂಟಿತು. ಕುದುರೆಯು ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಒಪ್ಪಿಸುವುದು. ಎತ್ತು ಹಾಗೆ ನಿಲ್ಲದು. ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲುಗಳನ್ನು ಕೂಡಿಸಿ ಕಟ್ಟಿ, ಬೆಳೆದ ಗೊರಸನ್ನು ಹೆರೆದು, ಆಮೇಲೆ ನಾಲ ಬಡಿಯುವರು. ಹೊರಬಂದ ಮೊಳೆಯ ತುದಿಯನ್ನು ಕತ್ತರಿಸಿ ಮಡಿಚುವುದು ಕೊನೆಯ ಕೆಲಸ. ಈ ತಗಡಿನ ವಿನ್ಯಾಸವು ಪರದೇಶದ ಅನುಕರಣವೆನ್ನುವುದಕ್ಕಿಂತ ಪಶುವಿನ ಪಾದವೇ ಕಲಿಸಿದ ಪಾಠವೆನ್ನುವುದು ಯುಕ್ತವು.

ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳು ಕಡಿಮೆಯಾದವು. ಉಳಿದ ಎತ್ತುಗಳಿಗೆ ಡಾಂಬರಿನ ಹಾದಿಯಲ್ಲಿ ನಾಲವು ಮೊದಲಿಗಿಂತಲೂ ಅವಶ್ಯವಾಗಿದೆ, ಅದನ್ನು ಬಡಿಯುವ ಕೈಗಳು ಮಾತ್ರ ವಿರಳವಾಗುತ್ತಿವೆ. ಕುದುರೆಯ ಮೇಲೆ ಕನ್ನಡದಲ್ಲಿಯೇ 1400ರ ಸುಮಾರಿಗೆ ಅಭಿನವಚಂದ್ರನ ಅಶ್ವಶಾಸ್ತ್ರವು ಹುಟ್ಟಿತು. ಎತ್ತಿನ ನಾಲದ ಅಳತೆ, ಮೊಳೆಯ ಓರೆ, ಗೊರಸು ಹೆರೆಯುವ ಮಿತಿ ಇವೆಲ್ಲ ತಂದೆಯ ಕೈಯಿಂದ ಮಗನ ಕೈಗೆ ಬಂದ ವಿದ್ಯೆ. ಈಗ ಎಷ್ಟೋ ಮನೆತನಗಳಲ್ಲಿ ನಾಲಬಂದನೆಂಬುದು ಅಡ್ಡಹೆಸರು ಮಾತ್ರವಾಗಿದೆ. ಸುತ್ತಿಗೆ, ಚಿಮಟಗಳು ಅಟ್ಟವನ್ನೇರಿವೆ.