ಅಶ್ವಶಿಕ್ಷೆಯೂ ಶಿಕ್ಷಕನ ದಂಡವೂ

ಶ್ರೀ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಅಶ್ವಾಧ್ಯಕ್ಷಪ್ರಕರಣವು ಸವಾರಿಯ ಕುದುರೆಗೆ ಐದು ಗತಿಗಳನ್ನು ಹೇಳುತ್ತದೆ. ಕಡೆಯದಾದ ನಾರೋಷ್ಟ್ರವೆಂದರೆ ಸಂಜ್ಞೆಯನ್ನರಿತು ನಡೆಯುವುದು. ಯೂರೋಪಿನ ಡ್ರೆಸಾಜ್ ಎಂಬ ಸ್ಪರ್ಧಾವಿದ್ಯೆಯ ಜೀವಾಳವೂ ಇದೇ. ಆದರೆ ಸಂಜ್ಞೆಯನ್ನು ಕಲಿಸುವ ಬಗೆ ಯಾವುದು? ಬಲಾತ್ಕಾರದ ನಡೆಯಲ್ಲಿ ಅಂದವಿಲ್ಲವೆಂದು ಗ್ರೀಕರ ಕ್ಸೆನೊಫನ್ನನು ಕ್ರಿ. ಪೂ. 4ನೆಯ ಶತಮಾನದಲ್ಲಿಯೇ ಬರೆದನು. ಕೌಟಿಲ್ಯನಾದರೋ ಉಪದೇಶಕ್ಕೆ ನಿಲ್ಲದೆ, ಚಿಕಿತ್ಸೆಯ ದೋಷದಿಂದ ರೋಗವು ಹೆಚ್ಚಿದರೆ ಇಮ್ಮಡಿ ದಂಡವನ್ನೂ, ಕುದುರೆಗೆ ವಿಪತ್ತೊದಗಿದರೆ ಅದರ ಬೆಲೆಯಷ್ಟು ದಂಡವನ್ನೂ ವಿಧಿಸಿದನು.

ಶಿಕ್ಷಣಕಾಲದಲ್ಲಿ ಕುದುರೆಯ ಕಾಲಿಗೆ ಪದೇ ಪದೇ ಚಾವಟಿ ಬೀಸಿದ ಚಲಚ್ಚಿತ್ರವು ಹೊರಬಿದ್ದ ಮೇಲೆ, ಒಲಿಂಪಿಕ್ ವಿಜೇತೆ ಶಾರ್ಲಟ್ ಡುಜಾರ್ಡಿನ್ನಳಿಗೆ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು 2024ರಲ್ಲಿ ಒಂದು ವರ್ಷದ ನಿಷೇಧವನ್ನೂ 10,000 ಸ್ವಿಸ್ ಫ್ರಾಂಕುಗಳ ದಂಡವನ್ನೂ ವಿಧಿಸಿತು. ಮೂಕಪ್ರಾಣಿಯು ದೂರಿಡಲಾರದು, ಆದುದರಿಂದಲೇ ಲೆಕ್ಕ ಕೇಳುವ ಭಾರವು ಶಾಸನದ ಮೇಲಿದೆ.